ಬೂದಿಯ ಮೆಲುಕು

ಸುಬಾಬುಲ್ ಮರ ನೆಡಿ ಎಂದು ಊರಿಗೆಲ್ಲ ಹೇಳಿದವಳು ದನದ ಡಾಕ್ಟರಮ್ಮನೇ. ಕಡಿದಷ್ಟೂ ಚಿಗುರುತ್ತದೆ, ಬೇಸಿಗೆಯಲ್ಲೂ ಹಸಿರಾಗಿರುತ್ತದೆ, ಹಿಂಡಿಯಷ್ಟೇ ಸತ್ವ ಅದರ ಸೊಪ್ಪಿನಲ್ಲಿದೆ ಎಂದು ಡೈರಿಯ ಜಗಲಿಯ ಮೇಲೆ ನಿಂತು ಅವಳು ವಿವರಿಸಿದಾಗ ಜನ ತಲೆಯಾಡಿಸಿದರು. ಹೊಟ್ಟೆಯಲ್ಲಿ ಅಡ್ಡ ಸಿಕ್ಕಿಕೊಂಡ ಕರುಗಳನ್ನು ಎಷ್ಟೋ ಸಲ ತೋಳುದ್ದ ಕೈ ಹಾಕಿ ಎಳೆದು ಉಳಿಸಿದವಳು; ಅವಳ ಮಾತನ್ನು ನಂಬದಿರುವುದು ಹೇಗೆ? ಅವಳೂ ಗಾಳಿಯಲ್ಲಿ ಮಾತಾಡಿರಲಿಲ್ಲ. ಮೇಲಿನ ಗುಡ್ಡದಲ್ಲಿ ಅವಳ ಒಡಹುಟ್ಟಿದ ಅಣ್ಣನ ದನಗಳು ಹುಟ್ಟಿದಾಗಿನಿಂದ ಅದೇ ಸೊಪ್ಪು ತಿಂದುಕೊಂಡು ಗುಂಡುಗುಂಡಗೆ ಮಿರಿಮಿರಿ ಮಿಂಚುತ್ತಿದ್ದವು. ಅವನ್ನು ನೋಡಿಯೇ ಅವಳಿಗೆ ಆ ಯೋಚನೆ ಬಂದದ್ದು.

ಮೊದಲ ವರ್ಷ ಡೈರಿಯ ಕ್ಯಾನುಗಳು ತುಂಬಿ ತುಳುಕಿದವು. ಎರಡನೆಯ ಬೇಸಿಗೆಯಲ್ಲಿ ಹುಲ್ಲು ಒಣಗಿ, ಹಸುಗಳು ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ಸುಬಾಬುಲ್ ಒಂದನ್ನೇ ಮೇಯತೊಡಗಿದಾಗ ಬಾಲದ ಕೂದಲು ಉದುರಲು ಶುರುವಾಯಿತು.

ಮೊದಲು ಬಂದು ಹೇಳಿದವಳು ಡೈರಿಯಲ್ಲಿ ಹಾಲು ಅಳೆಯುವ ಹೆಂಗಸು. ಎಲ್ಲರೂ ಅವಳನ್ನು ಹಾಲಿನಕ್ಕ ಎನ್ನುತ್ತಿದ್ದರು. "ಡಾಕ್ಟ್ರೇ, ನಮ್ಮ ಕೆಂಪಿ ಬಾಲ ಹಗ್ಗದ ತುಂಡಾಗಿದೆ. ನೊಣ ಓಡಿಸೋಕೂ ಆಗ್ತಿಲ್ಲ ಪಾಪ, ನಾನೇ ಪಕ್ಕದಲ್ಲಿ ಕೂತು ಬೀಸಬೇಕು," ಎಂದು ನಕ್ಕಳು. ಆಗ ಡಾಕ್ಟರಮ್ಮನೂ ನಕ್ಕಳು.

ಕೆಂಪಿ ಕರು ಹಾಕಿದಾಗ ಯಾರೂ ನಗಲಿಲ್ಲ. ಕರುವಿನ ಗಂಟಲಲ್ಲಿ ಮುಷ್ಟಿಯಷ್ಟು ದಪ್ಪ ಗಡ್ಡೆ ಇತ್ತು, ಉಸಿರು ಇರಲಿಲ್ಲ. ಹಾಲಿನಕ್ಕ ಆ ಕರುವಿನ ಒದ್ದೆ ಕಿವಿಯನ್ನು ಸೆರಗಿನಲ್ಲಿ ಒರೆಸುತ್ತಲೇ ಇದ್ದಳು. ಆ ವಾರ ಇನ್ನೂ ಎರಡು ಮನೆಗಳಲ್ಲಿ ಅದೇ ಆಯಿತು. ಹಸುಗಳ ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ಮಂಕು.

ಡಾಕ್ಟರಮ್ಮನಿಗೆ ಕಾಲೇಜಿನಲ್ಲಿ ಓದಿದ್ದು ಆಗ ನೆನಪಾಯಿತು, ತಡವಾಗಿ. ಸುಬಾಬುಲ್ ಸೊಪ್ಪಿನಲ್ಲಿ ಮೈಮೋಸಿನ್ ಎಂಬ ವಿಷವಿದೆ. ಹಸುವಿಗೆ ತಾನಾಗಿ ಅದನ್ನು ಅರಗಿಸಿಕೊಳ್ಳುವ ಶಕ್ತಿ ಇಲ್ಲ. ಅದರ ದೊಡ್ಡ ಹೊಟ್ಟೆಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಮನೆ ಮಾಡಿಕೊಂಡಿರುತ್ತವೆ. ಹುಲ್ಲನ್ನು ಹಾಲಾಗಿಸುವ ಕೆಲಸದ ಅರ್ಧಭಾಗ ಅವುಗಳದ್ದೇ. ಅವುಗಳಲ್ಲಿ ಈ ವಿಷವನ್ನೇ ತಿಂದು ಬದುಕುವ ಒಂದು ಜಾತಿಯುಂಟು. ತಲೆಮಾರುಗಳಿಂದ ಆ ಸೊಪ್ಪು ತಿಂದ ದನಗಳಲ್ಲಿ ಅದು ನೆಲೆಸಿರುತ್ತದೆ, ತಾಯಿಯ ಜೊಲ್ಲಿನಿಂದ, ಒಂದೇ ತೊಟ್ಟಿಯ ನೀರಿನಿಂದ ಕರುವಿಗೂ ದಾಟುತ್ತದೆ. ಕೆಳಗಿನ ಊರಿನ ಹಸುಗಳು ಬೇರೆ ಕಡೆಯಿಂದ ತಂದವು. ಮರ ಒಂದೇ, ಸೊಪ್ಪು ಒಂದೇ; ಬೇರೆಯಾಗಿದ್ದದ್ದು ಹೊಟ್ಟೆಯೊಳಗಿನ ಸಂಸಾರ.

"ಸೊಪ್ಪು ನಿಲ್ಲಿಸಿ," ಎಂದಳು.

"ನಿಲ್ಲಿಸಿ ಏನು ಹಾಕೋಣ ಡಾಕ್ಟ್ರೇ, ನಮ್ಮ ತಲೆಕೂದಲಾ?" ಎಂದ ಡೈರಿಯ ಅಧ್ಯಕ್ಷ.

ಉಳಿದ ದಾರಿ ಒಂದೇ. ಅಣ್ಣನ ದನದ ಹೊಟ್ಟೆಯ ರಸವನ್ನು ತಂದು ಇವುಗಳಿಗೆ ಕುಡಿಸುವುದು. ಕೆಲವಕ್ಕೆ ಹತ್ತಿದರೆ ಸಾಕು, ಒಟ್ಟಿಗೆ ಮೇಯುವ ಉಳಿದವಕ್ಕೆ ತಾನಾಗಿ ಹರಡುತ್ತದೆ.

ಅಣ್ಣ ಗುಡ್ಡದ ಮೇಲೆ ಒಬ್ಬನೇ ಇದ್ದ. ಅತ್ತಿಗೆ ತೀರಿಕೊಂಡು ಮೂರು ವರ್ಷ ಕಳೆದಿತ್ತು. ಮಕ್ಕಳಿರಲಿಲ್ಲ. ಅವಳು ಸಾಕಿದ ಹಸುವೊಂದಿತ್ತು, ಬೂದಿ. ಮೈಬಣ್ಣ ಒಲೆಯ ಬೂದಿಯಂತಿದ್ದುದಕ್ಕೆ ಆ ಹೆಸರು. ಹುಟ್ಟಿದ ದಿನವೇ ತಾಯಿ ಸತ್ತಾಗ ಅತ್ತಿಗೆ ಅದನ್ನು ಅಡುಗೆಮನೆಯಲ್ಲಿ ಮಲಗಿಸಿಕೊಂಡು ಸೀಸೆಯಲ್ಲಿ ಹಾಲು ಕುಡಿಸಿದ್ದಳು. ದೊಡ್ಡ ದನಗಳು ಉಗುಳಿದ ಮೆಲುಕನ್ನು ಬೆರಳಲ್ಲಿ ತೆಗೆದು ಅದರ ನಾಲಗೆಗೆ ಸವರಿದ್ದಳು. ಅದು ಅತ್ತಿಗೆಯ ವಾಸನೆಗಲ್ಲದೆ ಹಾಲು ಇಳಿಸುತ್ತಿರಲಿಲ್ಲ. ಅವಳು ಹೋದ ಮೇಲೆ ಅಣ್ಣ ಅವಳ ಹಳೆಯ ಹಸಿರು ಸ್ವೆಟರನ್ನು ಹಾಕಿಕೊಂಡು ಹಾಲು ಕರೆಯುತ್ತಿದ್ದ. ತೋಳು ಗಿಡ್ಡ, ಎದೆ ಬಿಗಿ. ಒಗೆದರೆ ವಾಸನೆ ಹೋಗುತ್ತದೆಂದು ಒಗೆಯುತ್ತಲೂ ಇರಲಿಲ್ಲ.

ಡಾಕ್ಟರಮ್ಮ ಮೊದಲು ಬೂದಿಯ ಬಾಯಿಯ ಮೂಲಕ ನಳಿಕೆ ಇಳಿಸಿ ರಸ ತೆಗೆದಳು. ಬಂದದ್ದು ಸ್ವಲ್ಪ, ಅದರಲ್ಲೂ ಜೊಲ್ಲೇ ಹೆಚ್ಚು. ಕೆಳಗೆ ಕುಡಿಸಿದ ಹಸುಗಳಲ್ಲಿ ಅದು ಹತ್ತಲಿಲ್ಲ. ಮತ್ತೆ ಗುಡ್ಡ ಹತ್ತಿದಾಗ ಜೊತೆಗೆ ಬಂದಿದ್ದ ಅಧ್ಯಕ್ಷ, ಒಂದು ದನವನ್ನು ಕೊಯ್ದರೆ ಕೆಲಸ ಮುಗಿಯಿತಲ್ಲ ಎಂದ. ಅಣ್ಣ ಎದ್ದು ಒಳಗೆ ಹೋದ.

ಅವನು ತಿರುಗಿ ಬರುವವರೆಗೆ ಕಾದು ತಂಗಿ ಹೇಳಿದಳು. "ಇನ್ನೊಂದು ದಾರಿ ಇದೆ ಅಣ್ಣ. ಎಡ ಪಕ್ಕೆಯಲ್ಲಿ ಸಣ್ಣ ಕಿಟಕಿ ಇಡೋದು. ರಬ್ಬರಿನ ಬಿರಡೆ ಹಾಕಿ ಮುಚ್ಚಿದ್ರೆ ಆಯ್ತು. ಬೇಕಾದಾಗ ತೆಗೆದು ರಸ ತಗೋಬಹುದು. ದನಕ್ಕೇನೂ ಆಗಲ್ಲ, ಎಷ್ಟೋ ವರ್ಷ ಬದುಕ್ತವೆ."

"ಹೊಟ್ಟೆಗೆ ಕಿಟಕಿ ಇಡೋಕೆ ಅಷ್ಟು ವರ್ಷ ಓದಿದ್ಯಾ ಗುಬ್ಬಿ? ಬಡಗಿ ಹತ್ರ ಕಳಿಸಿದ್ರೆ ಅಪ್ಪನಿಗೆ ಖರ್ಚಾದ್ರೂ ಉಳೀತಿತ್ತು."

ಚಿಕ್ಕಂದಿನಿಂದ ಅವನಿಗೆ ಅವಳು ಗುಬ್ಬಿ. ಅವಳು ನಗಲಿಲ್ಲ. ಅವನೂ ನಗು ನಿಲ್ಲಿಸಿದ.

"ಯಾವುದಕ್ಕೆ?"

"ನಿನ್ನ ಉಳಿದ ದನ ನನ್ನನ್ನ ಹತ್ರಾನೂ ಬಿಟ್ಟುಕೊಳ್ಳಲ್ಲ. ಕಟ್ಟದೆ ನಿಲ್ಲೋದು ಬೂದಿ ಒಂದೇ."

ಅಣ್ಣ ಕೊಟ್ಟಿಗೆಯ ಕಡೆ ನೋಡಿದ. "ನಿಮ್ಮತ್ತಿಗೆ ಇದ್ದಿದ್ರೆ ಏನನ್ನುತ್ತಿದ್ಲೋ," ಎಂದ. ಮತ್ತೆ ತಾನೇ, "ಕರು ಸಾಯ್ತಿವೆ ಅಂದ್ರೆ ಅವಳು ಬೇಡ ಅನ್ನೋಳಲ್ಲ. ಮಾಡು. ನೀನೇ ಮಾಡ್ತೀಯಲ್ಲ, ಬೇರೆಯವರಲ್ಲವಲ್ಲ," ಎಂದ.

ಕೊಟ್ಟಿಗೆಯ ನೆಲ ತೊಳೆದು, ಬಿಳಿಯ ಬಟ್ಟೆ ಕಟ್ಟಿ, ಹಗಲು ಬೆಳಕಿನಲ್ಲಿ ಅವಳು ಆ ಕೆಲಸ ಮಾಡಿದಳು. ಪಕ್ಕೆಯ ಕೂದಲು ಬೋಳಿಸಿ ಮರಗಟ್ಟಿಸುವ ಸೂಜಿ ಹಾಕಿದ ಮೇಲೆ ಬೂದಿಗೆ ಏನೂ ಗೊತ್ತಾಗಲಿಲ್ಲ. ಚರ್ಮ ಸೀಳುತ್ತಿರುವಾಗಲೂ ಮೆಲುಕು ಹಾಕುತ್ತಿತ್ತು. ಸ್ವೆಟರು ತೊಟ್ಟ ಅಣ್ಣ ಅದರ ತಲೆಯನ್ನು ಎದೆಗೊರಗಿಸಿಕೊಂಡು ಮಾತಾಡುತ್ತಲೇ ಇದ್ದ. "ಆಕಳಿಸ್ತಿದ್ದಾಳೆ ನೋಡು. ನಿನ್ನ ಕೆಲಸ ಭಾರಿ ನಿಧಾನ ಅಂತ ಬೇಜಾರು ಅವಳಿಗೆ." ಹೊಟ್ಟೆಯ ಗೋಡೆಯನ್ನು ಚರ್ಮಕ್ಕೆ ಸೇರಿಸಿ ಹೊಲಿದ ಮೇಲೆ, ಬಿರಡೆ ಕೂರಿಸುವ ಮುಂಚೆ, ಅವನು ತಾನೂ ಒಮ್ಮೆ ಮುಟ್ಟಿ ನೋಡಲೇ ಎಂದು ಕೇಳಿದ. ಅವಳು ಅವನ ಕೈಗೆ ಕೈಗವಸು ತೊಡಿಸಿದಳು. ಅವನು ಮಣಿಕಟ್ಟಿನವರೆಗೆ ಒಳಗೆ ಹಾಕಿದ.

"ಎಷ್ಟು ಬೆಚ್ಚಗಿದೆ ಕಣೇ," ಎಂದ. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಗಾಯ ಮಾಯೋಕೆ ಒಂದು ತಿಂಗಳು ಬೇಕು. ಅಲ್ಲಿವರೆಗೆ ಬಿರಡೆ ಮುಟ್ಟಬಾರದು," ಎಂದು ತಂಗಿಯೇ ಹೇಳಿ ಬಂದಳು.

ಆದರೆ ಕೆಳಗಿನ ಊರಿನಲ್ಲಿ ತಿಂಗಳು ಕಾಯುವ ಸ್ಥಿತಿ ಇರಲಿಲ್ಲ. ಆಸ್ಪತ್ರೆಯ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಜನ ಕೂತಿರುತ್ತಿದ್ದರು. ಯಾರೂ ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. "ನೀವು ಹೇಳಿದ್ರಿ ಅಂತ ಹಾಕಿದ್ವಿ," ಎಂದು ಮೆಲ್ಲಗೆ ಅನ್ನುತ್ತಿದ್ದರು, ಅಷ್ಟೇ. ಹಾಲಿನಕ್ಕನ ಇನ್ನೊಂದು ಹಸುವೂ ನಿಂತಲ್ಲೇ ಕುಸಿದಾಗ ಡಾಕ್ಟರಮ್ಮ ಫ್ಲಾಸ್ಕುಗಳನ್ನು ಬಿಸಿನೀರಿನಲ್ಲಿ ತೊಳೆದು ಜೀಪಿನಲ್ಲಿಟ್ಟುಕೊಂಡು ಗುಡ್ಡ ಹತ್ತಿದಳು. ಅರ್ಧ ತಿಂಗಳೂ ಕಳೆದಿರಲಿಲ್ಲ.

ಅಣ್ಣ ಕೊಟ್ಟಿಗೆಯ ಬಾಗಿಲಲ್ಲೇ ಸಿಕ್ಕಿದ. "ಇವತ್ತು ಬೇಡ ಗುಬ್ಬಿ. ಬೆಳಿಗ್ಗೆಯಿಂದ ಮೆಲುಕು ಹಾಕಿಲ್ಲ ಅವಳು."

ಅವಳು ಬೂದಿಯ ಕಿವಿಯ ಬುಡ ಮುಟ್ಟಿ ನೋಡಿದಳು. ಥರ್ಮಾಮೀಟರ್ ಇಟ್ಟು ನೋಡಿದಳು. ಜ್ವರ ಜೋರಾಗಿರಲಿಲ್ಲ, ಆದರೆ ಇತ್ತು. ಹೊಲಿಗೆಯ ಒಂದು ಅಂಚು ಕೆಂಪಗೆ ಊದಿತ್ತು. ಬೇರೆ ಯಾರಾದರೂ ಈಗ ಬಿರಡೆ ತೆಗೆಯಲು ಹೊರಟಿದ್ದರೆ ಅವಳು ಕೈ ಹಿಡಿದು ತಡೆಯುತ್ತಿದ್ದಳು.

"ಒಂದೇ ಒಂದು ಸಲ ಅಣ್ಣ. ಸೂಜಿ ಹಾಕ್ತೀನಿ, ಸರಿ ಹೋಗುತ್ತೆ. ಅಲ್ಲಿ ದಿನಾ ಒಂದು ಬೀಳ್ತಿದೆ."

ಅವನು ಅವಳ ಮುಖವನ್ನೇ ನೋಡಿದ. "ಡಾಕ್ಟರು ನೀನು," ಎಂದು ಪಕ್ಕಕ್ಕೆ ಸರಿದ.

ಅವಳು ಬಿರಡೆ ತೆಗೆದಳು. ಹುಳಿಹುಲ್ಲಿನ ಬಿಸಿ ವಾಸನೆ ಬಂತು. ಗಾಳಿಯಾಡಿದರೆ ಆ ಜೀವಿಗಳು ಸಾಯುತ್ತವೆಂದು, ಒಳಗಿನ ಮೇವನ್ನು ತೆಗೆದು ಬಟ್ಟೆಯಲ್ಲಿ ಬೇಗಬೇಗ ಹಿಂಡಿ ಫ್ಲಾಸ್ಕುಗಳನ್ನು ಕತ್ತಿನವರೆಗೆ ತುಂಬಿ ಮುಚ್ಚಿದಳು. ಅಷ್ಟರಲ್ಲಿ ಬೂದಿ ಒಮ್ಮೆ ನರಳಿತು. ಒಳಗಿನ ಹೊಲಿಗೆ ಎಲ್ಲೋ ಬಿಟ್ಟಿತ್ತೇನೋ. ಸೂಜಿ ಹಾಕಿ, ಬಿರಡೆ ಕೂರಿಸಿ, ತಿರುಗಿ ನೋಡದೆ ಇಳಿದು ಬಂದಳು. ಸಂಜೆಯೊಳಗೆ ಎಂಟು ಹಸುಗಳ ಹೊಟ್ಟೆಗೆ ರಸ ಸೇರಿತ್ತು.

ಮರುದಿನ ಅಣ್ಣನ ಫೋನು. "ಹಲ್ಲು ಕಡೀತಿದ್ದಾಳೆ. ಎದ್ದೇಳ್ತಿಲ್ಲ."

ಅವಳು ಹೋದಾಗ ಬೂದಿಯ ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಕೀವು ಒಳಗಿಳಿದಿತ್ತು. ತನ್ನಲ್ಲಿದ್ದ ಔಷಧವೆಲ್ಲ ಹಾಕಿದಳು, ಬಾಟಲಿ ಏರಿಸಿದಳು, ಪಕ್ಕದ ಪಟ್ಟಣದ ಡಾಕ್ಟರಿಗೆ ಫೋನು ಮಾಡಿ ಕೇಳಿದಳು. ಅವರು, ಇನ್ನು ಕೈಮೀರಿದೆ ಎಂದರು. ಅಣ್ಣ ಹುಲ್ಲಿನ ಮೇಲೆ ಕೂತು ಬೂದಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅದು ಆಗಾಗ ಮೂಗನ್ನು ಸ್ವೆಟರಿನ ಮಡಿಕೆಗೆ ಒತ್ತುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ಒತ್ತುವುದು ನಿಂತಿತು.

ಅವನು ಅಳಲಿಲ್ಲ. ಅದರ ತಲೆಯನ್ನು ಮೆಲ್ಲಗೆ ಹುಲ್ಲಿನ ಮೇಲಿಟ್ಟು ಕೇಳಿದ: "ಆ ಬಿರಡೆ ತೆಗೀತೀಯಾ? ಅದರ ಸಮೇತ ಮಣ್ಣಿಗೆ ಹಾಕೋದು ಬೇಡ. ಬರೋವಾಗ ಅವಳಿಗೆ ಅದು ಇರಲಿಲ್ಲ."

ಅವಳು ಬಿರಡೆ ತೆಗೆದಳು. ಗಾಯವನ್ನು ತೊಳೆದಳು. ಸೂಜಿಗೆ ದಾರ ಪೋಣಿಸಲು ಹೋದರೆ ದಾರ ತೂರಲಿಲ್ಲ. ಅಣ್ಣನೇ ಸೂಜಿ ಇಸಿದುಕೊಂಡು ಪೋಣಿಸಿ ಕೊಟ್ಟ. ನೋಯದ ಮೈಯನ್ನು ಅವಳು ಅಂಚಿಗೆ ಅಂಚು ಕೂಡಿಸಿ, ಬದುಕಿರುವ ದನಕ್ಕೆ ಹೊಲಿಯುವಷ್ಟೇ ನಾಜೂಕಾಗಿ ಹೊಲಿದಳು. ಅವನು ಕೊನೆಯ ಗಂಟಿನವರೆಗೂ ಪಕ್ಕದಲ್ಲೇ ಕೂತು ನೋಡಿದ. ಆಮೇಲೆ ಗುದ್ದಲಿ ತರಲು ಎದ್ದ.

ಕೆಳಗಿನ ಊರಿನ ಹಸುಗಳು ಉಳಿದವು. ರಸ ಕುಡಿದ ಎಂಟೂ ಮೊದಲು ಚೇತರಿಸಿಕೊಂಡವು. ಅವು ಮೇದಲ್ಲಿ ಮೇದು, ಕುಡಿದ ತೊಟ್ಟಿಯಲ್ಲೇ ಕುಡಿದು ಉಳಿದವೂ ಒಂದೊಂದಾಗಿ ಸರಿಹೋದವು. ಬಾಲಗಳಲ್ಲಿ ಹೊಸ ಕೂದಲು ಬಂತು. ಹುಟ್ಟಿದ ಕರುಗಳು ತಾವಾಗಿ ಎದ್ದು ಮೊಲೆ ಹುಡುಕಿದವು. ಹಾಲಿನಕ್ಕ ಕರುವೊಂದನ್ನು ಹೆಗಲ ಮೇಲೆ ಹೊತ್ತು ತಂದು, "ಗಂಟಲು ಮುಟ್ಟಿ ನೋಡಿ ಡಾಕ್ಟ್ರೇ, ನುಣ್ಣಗಿದೆ!" ಎಂದು ಕುಣಿದಾಡಿದಳು. ಡಾಕ್ಟರಮ್ಮ ಮುಟ್ಟಿದಳು. ಗಂಟಲು ನುಣ್ಣಗಿತ್ತು. ಹೊಗಳಿದವರ ಎದುರು ನಿಲ್ಲಲಾರದೆ ಒಳಗೆ ಹೋಗಿ ನಲ್ಲಿ ಬಿಟ್ಟು ಸುಮ್ಮನೆ ಕೈ ತೊಳೆಯುತ್ತ ನಿಂತಳು.

ಈ ಸುದ್ದಿಯನ್ನಾದರೂ ಅಣ್ಣನಿಗೆ ಮುಟ್ಟಿಸಬೇಕೆನಿಸಿತು. ಅವನು ಬೇಲಿಯ ತಂತಿ ಬಿಗಿಯುತ್ತಿದ್ದ. ಮೈಮೇಲೆ ಸ್ವೆಟರು ಇರಲಿಲ್ಲ.

"ಇಡೀ ಊರಿನ ಹಸು ಉಳೀತು ಅಣ್ಣ. ಬೂದಿ ಹೊಟ್ಟೇಲಿ ಇದ್ದದ್ದು ಈಗ ಎಲ್ಲದರ ಹೊಟ್ಟೇಲೂ ಇದೆ. ಒಂದು ರೀತಿಯಲ್ಲಿ ಅವಳು..."

ಅವನು ಇಕ್ಕಳ ಕೆಳಗಿಟ್ಟ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳುವವನ ಹಾಗೆ ಕೇಳಿದ.

"ಆ ಹುಳ, ಕೂಗಿದ್ರೆ ತಿರುಗಿ ನೋಡುತ್ತಾ ಗುಬ್ಬಿ?"

ಅವಳು ತಲೆ ತಗ್ಗಿಸಿದಳು.

"ನಿನ್ನ ಮೇಲೆ ಕೋಪ ಇಲ್ಲ ಕಣೇ. ಅಲ್ಲಿ ಕರು ಬದುಕಿದ್ದು ಒಳ್ಳೇದೇ ಆಯ್ತು. ನನಗೆ ಅದನ್ನ ಹೇಳ್ಬೇಡ ಅಷ್ಟೇ."

ಮಳೆಗಾಲ ಕಳೆದ ಮೇಲೆ ಒಂದು ದಿನ ಹಾಲಿನಕ್ಕ ಹಾಲು ಅಳೆಯುತ್ತ ಕೇಳಿದಳು: "ನಿಮ್ಮಣ್ಣನ ಮನೇಲಿ ಹಸು ಕಷ್ಟಪಟ್ಟು ಕರು ಹಾಕ್ತಂತಲ್ಲ? ಪಟ್ಟಣದ ಡಾಕ್ಟ್ರು ಹೋಗಿದ್ರಂತೆ. ನೀವು ಊರಲ್ಲಿರ್ಲಿಲ್ವಾ?"

"ಇರ್ಲಿಲ್ಲ," ಎಂದಳು ಡಾಕ್ಟರಮ್ಮ. ಅವಳು ಊರಲ್ಲೇ ಇದ್ದಳು.

ಭಾನುವಾರ ಗುಡ್ಡ ಹತ್ತಿದಳು. ಅಣ್ಣ ಎಂದಿನಂತೆ ಹೊರಗೆ ಬಂದು ಜೀಪಿನ ಬಾಗಿಲು ತೆಗೆದ. ಚಹಾ ಮಾಡಿದ, ಅವಳಿಗೆ ಸಕ್ಕರೆ ಕಡಿಮೆ ಬೇಕೆಂದು ಅವನಿಗೆ ನೆನಪಿತ್ತು. ಅವಳ ಮಕ್ಕಳ ಓದು, ಗಂಡನ ಬೆನ್ನುನೋವು, ಅವಳ ಮೊಣಕಾಲು ಎಲ್ಲ ವಿಚಾರಿಸಿದ. "ಮೆಟ್ಟಿಲು ಹತ್ತಿ ಇಳಿದು ಮಾಡ್ಬೇಡ, ಔಷಧಿ ದನಕ್ಕೆ ಮಾತ್ರ ಅಲ್ಲ, ನೀನೂ ತಗೋ," ಎಂದು ತಮಾಷೆ ಮಾಡಿದ. ಗೋಡೆಯಾಚೆ ಕೊಟ್ಟಿಗೆಯಲ್ಲಿ ಎಳೆಗರು ಎರಡು ಮೂರು ಸಲ ಕೂಗಿತು. ಅವಳು ಲೋಟ ಹಿಡಿದುಕೊಂಡೇ ಕಾದಳು. ಬಾ, ನೋಡು ಬಾ ಎಂದು ಅವನು ಯಾವತ್ತೂ ಕರೆಯುತ್ತಿದ್ದ. ಕುರ್ಚಿಯಲ್ಲಿ ಕೂರಲೂ ಬಿಡದೆ ಮೊದಲು ಕೊಟ್ಟಿಗೆಗೆ ಎಳೆದುಕೊಂಡು ಹೋಗುವವನು. ಇವತ್ತು ಅವನು ಖಾಲಿ ಲೋಟಗಳನ್ನು ಎತ್ತಿಕೊಂಡು ತೊಳೆಯಲು ಹೋದ. ನೀರಿನ ಸದ್ದು ಬೇಕಾದುದಕ್ಕಿಂತ ಹೆಚ್ಚು ಹೊತ್ತು ಕೇಳಿಸಿತು.

"ಬರ್ತೀನಿ ಅಣ್ಣ."

"ಹೂಂ. ಹುಷಾರು, ತಿರುವಿನಲ್ಲಿ ಜಲ್ಲಿ ಸುರಿದಿದ್ದಾರೆ."

ಜಲ್ಲಿ ದಾಟುವವರೆಗೆ ಅವಳು ಸರಿಯಾಗಿಯೇ ಓಡಿಸಿದಳು. ಆಮೇಲೆ ರಸ್ತೆ ಕಾಣದಾಯಿತು. ಜೀಪನ್ನು ಅರ್ಧ ಹಾದಿಗೆ ಅಡ್ಡವಾಗಿಯೇ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತಳು. ಹಿಂದಿನಿಂದ ಲಾರಿಯೊಂದು ಬಂದು ಹಾರ್ನು ಹೊಡೆಯಿತು. ತಲೆ ಎತ್ತದೆ ಕೈಯನ್ನಷ್ಟೇ ಹೊರಗೆ ಹಾಕಿ, ಹೋಗು ಎಂದು ಸನ್ನೆ ಮಾಡಿದಳು. ಲಾರಿಯವನು ಪಕ್ಕಕ್ಕೆ ಬಂದು ಬಗ್ಗಿ ನೋಡಿದ. ಏನೂ ಕೇಳದೆ ನಿಧಾನವಾಗಿ ದಾಟಿಸಿಕೊಂಡು ಹೋದ.