ಮೊಳದಾಳದ ತಗ್ಗು

ಮೂರು ವರ್ಷದಿಂದ ಮನ್ಮಥಪ್ಪನ ಹೊಲದಲ್ಲಿ ಜೋಳ ಮೊಳಕಾಲೆತ್ತರಕ್ಕೆ ಬಂದು ನಿಂತುಬಿಡುತ್ತಿತ್ತು. ಮಳೆ ಕೈಕೊಟ್ಟಿರಲಿಲ್ಲ. ಪಕ್ಕದವರ ಜೋಳದೊಳಗೆ ಎತ್ತು ಹೊಕ್ಕರೆ ಅದರ ಕೋಡು ಕೂಡ ಕಾಣುತ್ತಿರಲಿಲ್ಲ. ಸಾಸ್ತೂರಿನ ಜನ ಬಾಯಿಗೆ ಬಂದದ್ದು ಆಡಿದರು: ದೃಷ್ಟಿ ಬಿದ್ದಿದೆ, ಬೀಜ ಹಳತು, ಹೆಂಡತಿ ಹೋದವನ ಕೈಗುಣವೇ ಹೀಗೆ. ಒಬ್ಬರಾದರೂ ಬಗ್ಗಿ ನೆಲ ನೋಡಿದರೆ ಕೇಳಿ!

ಯುಗಾದಿಗೆಂದು ನಿಲಂಗಾದಿಂದ ಬಂದಿದ್ದ ತಮ್ಮ ಮಾಣಿಕಪ್ಪ ಹಬ್ಬದ ಮರುದಿನ ಬೆಳಿಗ್ಗೆ ಮಾತು ತೆಗೆದ.

"ಅಣ್ಣಾ, ಈ ಹೊಲದಾಗ ಬರಕತ್ ಉಳಿದಿಲ್ಲ. ಹೊಲ ಬಿಟ್ಟೀನಂತ ಪಟವಾರಿಗಿ ರಾಜೀನಾಮಾ ಬರಕೊಟ್ಟು ನಮ್ಮ ಮನಿಗಿ ಬಾ. ಒಬ್ಬಾಂವನೇ ರೊಟ್ಟಿ ಸುಟಗೊಂಡು ಎಷ್ಟ ದಿನ ಇರ್ತಿ?"

"ಆಕಿನ್ನ ಬಿಟ್ಟು ಬರ್ಲೇನು?"

ಆಕೆ ಎಂದರೆ ಹೆಂಡತಿ ರಂಭಾಬಾಯಿ. ಅವರ ಮನೆತನದಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಕೂರಿಸಿ ಮಣ್ಣು ಕೊಡುವುದು. ಬದುವಿನ ಬೇವಿನಡಿ ಅವಳ ಸಮಾಧಿ. ಹೊಲ ಬಿಟ್ಟುಕೊಟ್ಟರೆ ನಿಜಾಮ ಸರಕಾರ ಅದನ್ನು ಯಾರದೋ ಹೆಸರಿಗೆ ಮಾಡುತ್ತದೆ. ಆ ಯಾರೋ ಮೊದಲು ಬೇವು ಕಡಿಯುತ್ತಾನೆ, ಆಮೇಲೆ ಅವಳ ಮೇಲೆ ನೇಗಿಲು ಹಾಯಿಸುತ್ತಾನೆ. ಇಷ್ಟು ಮನ್ಮಥಪ್ಪನಿಗೆ ಗೊತ್ತಿತ್ತು. ಒಬ್ಬನ ಹೊಟ್ಟೆಗೂ ಸಾಲದ ಹೊಲ ಇಟ್ಟುಕೊಂಡು ಏನು ಮಾಡುವುದೆಂದು ಗೊತ್ತಿರಲಿಲ್ಲ.

"ಒಂದ್ ಸಲ ಹೊಲ ನೋಡಿ ಬರ್ತೀನಿ" ಎಂದು ಗುದ್ದಲಿ ಹೆಗಲಿಗೇರಿಸಿ ಹೊರಟ.

ಯುಗಾದಿಯ ಮರುದಿನ ರಂಭಾಬಾಯಿಗೆ ಮಣ್ಣನ್ನು ಕೇಳುವ ದಿನ. ತವರಿನಿಂದ ತಂದ ರೂಢಿ. ಹೊಲದ ನಡುವೆ ಮೊಳದಾಳದ ತಗ್ಗು ತೋಡಿಸುವಳು. ತೆಗೆದ ಮಣ್ಣನ್ನೇ ಮತ್ತೆ ತುಂಬಿಸಿ ತುಳಿಸುವಳು. ಮಣ್ಣು ಮಿಕ್ಕರೆ ಜೋಳ. ಕಡಿಮೆ ಬಿದ್ದರೆ ನೆಲ ದಣಿದಿದೆ ಎಂದು ಆ ವರ್ಷ ತೊಗರಿ, ಬಿತ್ತುವ ಮುಂಚೆ ಕುರಿಹಿಂಡು ಮಲಗಿಸಿ ಗೊಬ್ಬರ. ಅವನು ತುಳಿಯುವಾಗ ಬದುವಿನ ಮೇಲೆ ನಿಂತು ಕೇಳುವಳು, "ಏನಂತದ್ರೀ?"

"ನಿನಕಿಂತಾ ಕಮ್ಮಿ ಮಾತಾಡ್ತದ" ಎಂದು ಅವನು ಕಾಡಿಸುತ್ತಿದ್ದ.

ಅವಳು ಹೋದ ಮೇಲೆ ಅವನು ತಗ್ಗು ತೋಡಲಿಲ್ಲ. ಅವಳಿಗಾಗಿ ಕುಣಿ ತೋಡಿದ ಹೊಲದಲ್ಲಿ ಮತ್ತೊಂದು ತೋಡಲು ಕೈ ಬರಲಿಲ್ಲ. ಜೋಳದ ಮೇಲೆ ಜೋಳ ಬಿತ್ತುತ್ತ ಹೋದ, ಅಷ್ಟೆ.

ಇಂದು ಹಲ್ಲು ಕಚ್ಚಿ ತೋಡಿದ. ಮಣ್ಣು ಹೆಂಟೆ ಹೆಂಟೆಯಾಗಿ ಎದ್ದು ಬಂತು. ಪುಡಿಮಾಡಿ, ತುಂಬಿ, ತುಳಿದ. ನಾಲ್ಕು ಬೆರಳು ಕಡಿಮೆ ಬಿತ್ತು.

ಅಲ್ಲೇ ಕೂತಾಗ ಅವನಿಗೆ ನೆನಪಾಯಿತು. ಅವಳಿಗೆ ಮಣ್ಣು ಕೊಟ್ಟ ದಿನವೂ ಮಣ್ಣು ಸಾಲಲಿಲ್ಲ. ಒಳಗೆ ಅವಳು ಕೂತಿದ್ದಳು, ಆದರೂ ತೆಗೆದ ಮಣ್ಣಿಗೆ ಕುಣಿ ತುಂಬಲಿಲ್ಲ. ಯಾರೋ ಹಳ್ಳದ ದಂಡೆಯಿಂದ ನಾಲ್ಕು ಬುಟ್ಟಿ ತಂದು ಸುರಿದಿದ್ದರು. ಅವನು ಅದನ್ನು ನೋಡಿಯೂ ನೋಡಿರಲಿಲ್ಲ. ಮೂರು ವರ್ಷ ಆ ಬೇವಿನಡಿ ಕೂತು ಅತ್ತ ಪುಣ್ಯಾತ್ಮ, ಆ ಸಾಲದ ಮಣ್ಣಿನಲ್ಲಿ ಅವಳು ಹೇಳಿ ಹೋದ ಕಡೆಯ ಮಾತನ್ನೇ ಕೇಳಿಸಿಕೊಂಡಿರಲಿಲ್ಲ.

ಹುಡುಕಿಕೊಂಡು ಬಂದ ಮಾಣಿಕಪ್ಪ ಕೇಳಿದ, "ಮತ್ತ? ಪಟವಾರಿ ಕಡಿ ಹೋಗೋಣೇನು?"

"ನೀ ಊರಿಗಿ ಹೋಗಪಾ. ಹೊಲ ಸತ್ತಿಲ್ಲ, ದಣದದ. ಈ ವರ್ಷ ತೊಗರಿ ಬಿತ್ತತೀನಿ, ಕುರಿಯವರಿಗಿ ಹೇಳ್ತೀನಿ. ಮುಂದಿನ ಉಗಾದಿಗಿ ಮತ್ತ ತೋಡತೀನಿ. ಅದರ ಮುಂದಿನ ಉಗಾದಿಗೂ ತೋಡತೀನಿ."

ತಮ್ಮ ತಲೆಯಾಡಿಸುತ್ತ ಹೊರಟುಹೋದ. ಮನ್ಮಥಪ್ಪ ಬದುವಿನ ಕಡೆ ನೋಡಿದ. ಅಲ್ಲಿ ಯಾರೂ ನಿಂತಿರಲಿಲ್ಲ, ಯಾರೂ ಏನೂ ಕೇಳಲಿಲ್ಲ. ಬದುಕಿದ್ದಾಗ ಅವಳನ್ನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ.

"ಕಡಿಮಿ ಬಿದ್ದದ, ರಂಭಾ" ಎಂದ.