ಪೊರೆ ಹರಿದ ಮೇಲೆ

"ಆ ಕಡೆ ಓರೆಯಾಯ್ತು, ಇನ್ನೊಂಚೂರು ಎತ್ತಿ!" ಎಂದು ಪಾದ್ರಿ ಕೂಗಿದಾಗ ಕೋರಾ ಶವಪೆಟ್ಟಿಗೆಯ ಹಿಡಿಯನ್ನು ಎರಡೂ ಕೈಯಿಂದ ಮೇಲೆತ್ತಿದಳು. ಓರಿಸ್ಯಾಳನ್ನು ಹೊರಲು ಆರು ಜನ ಬೇಕಿತ್ತು. ಸ್ಯಾಸ್ಕಟೂನಿನ ಆ ಉಕ್ರೇನಿಯನ್ ಇಗರ್ಜಿಗೆ ಬಂದವರಲ್ಲಿ ಬೆನ್ನು ಗಟ್ಟಿಯಿದ್ದವರು ಐವರೇ. ಆರನೆಯವಳಾಗಿ ಕೋರಾ ತಾನೇ ಮುಂದೆ ಬಂದಿದ್ದಳು.

ಸ್ಮಶಾನಕ್ಕೆ ಹೊರಟ ಕಾರಿನಲ್ಲಿ ಓರಿಸ್ಯಾಳ ಮಗಳು ಲೆಸ್ಯಾ ಕೋರಾಳ ಪಕ್ಕ ಕೂತಳು. ಮುಂದಿನ ಸೀಟಿನಲ್ಲಿ ಮುದಿ ಪ್ರೊಫೆಸರ್ ಥೋರ್ಸನ್.

"ಅಮ್ಮ ಮೂವತ್ತು ವರ್ಷ ನಿಮ್ಮ ಲ್ಯಾಬಿನಲ್ಲಿ ಗಾಜು ತೊಳೆದಳು," ಎಂದಳು ಲೆಸ್ಯಾ. "ಅದಕ್ಕೆ ನೀವು ವಿನಿಪೆಗ್‌ನಿಂದ ಬಂದ್ರಾ?"

"ಗಾಜು ತೊಳೆದರು ಅಂತ ಯಾರು ಹೇಳಿದ್ದು?" ಕೋರಾ ಕೇಳಿದಳು.

"ಅವಳೇ."

ಥೋರ್ಸನ್ ಹಿಂತಿರುಗಿ ನೋಡಿದರು. "ಹಾಗೆ ಹೇಳ್ಕೊಂಡು ಓಡಾಡ್ತಿದ್ದಳಾ, ಮಹರಾಯ್ತಿ!"

*

ಆ ಲ್ಯಾಬಿನ ದಿನಗಳಲ್ಲಿ ಕೋರಾ ಥೋರ್ಸನ್ನರ ವಿದ್ಯಾರ್ಥಿನಿ. ಇಲಿಯ ಮೊಲೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಗಾಜಿನ ಮೇಲೆ ಕೂರಿಸುವುದು ಓರಿಸ್ಯಾಳ ಕೆಲಸ. ಮರಿಗಳಿಗೆ ಹಾಲು ಬಿಡಿಸಿದ ಮೇಲೆ ಹಾಲಿನ ಕೋಶಗಳು ಸಾಯುತ್ತವೆ, ಆಮೇಲೆ ಅವು ಕಾಲೂರಿದ್ದ ಪೊರೆ ಕರಗುತ್ತದೆ ಎಂದು ಥೋರ್ಸನ್ ಪ್ರಬಂಧ ಬರೆದು ಮುಗಿಸಿದ್ದರು.

"ತಿರುಗಾಮುರುಗಾ ಆಗಿದೆ ಸರ್," ಎಂದಳು ಓರಿಸ್ಯಾ. "ಮೊದಲೆರಡು ದಿನ ಕೆಲವು ಸಾಯ್ತವೆ, ನಿಜ. ಆದರೆ ಆಮೇಲಿನ ದೊಡ್ಡ ಸಾವು ನೋಡಿ. ಇಲ್ಲಿ ಪೊರೆ ಹರಿದಿದೆ, ಕೋಶ ಇನ್ನೂ ಜೀವಂತ. ಮಾರನೇ ದಿನದ್ದರಲ್ಲಿ ಅದೇ ಜಾಗ ಖಾಲಿ."

"ನಿನ್ನ ಬ್ಲೇಡೇ ಹರಿದಿರಬೇಕು."

"ನನಗೆ ಏನಾದರೂ ಅನ್ನಿ. ಬ್ಲೇಡಿಗೆ ಅನ್ನಬೇಡಿ."

ಯಾವುದು ಯಾವ ದಿನದ್ದೆಂದು ತನಗೇ ತಿಳಿಯದಂತೆ ಕೋರಾಳಿಂದ ತುಣುಕುಗಳ ಮೇಲಿನ ಚೀಟಿಗಳನ್ನು ಮುಚ್ಚಿಸಿ ಓರಿಸ್ಯಾ ಮೂರು ವಾರ ಮತ್ತೆ ಕೊಯ್ದಳು. ಕಂಡದ್ದು ಅದೇ. ಆಮೇಲೆ ಕೋರಾ, ಪೊರೆಯನ್ನು ಕತ್ತರಿಸುವ ಕಿಣ್ವವನ್ನು ತಡೆಯುವ ಮದ್ದನ್ನು ಇಲಿಗಳಿಗೆ ಕೊಟ್ಟು ನೋಡಿದಳು. ಪೊರೆ ಉಳಿಯಿತು, ಅದನ್ನು ಹಿಡಿದಿದ್ದ ಕೋಶಗಳೂ ಉಳಿದವು. ಥೋರ್ಸನ್ ಪ್ರಬಂಧವನ್ನು ಹರಿದು ಬುಟ್ಟಿಗೆ ಹಾಕಿದರು.

"ಹೊಸದರಲ್ಲಿ ನಿನ್ನ ಹೆಸರೇ ಮೊದಲು," ಎಂದರು ಓರಿಸ್ಯಾಳಿಗೆ.

"ಈ ಹುಡುಗಿಯದ್ದು ಹಾಕಿ. ಅವಳಿಗೆ ಕೆಲಸ ಸಿಗಬೇಕು. ನನಗೆ ಇದೆಯಲ್ಲ," ಎಂದು ಓರಿಸ್ಯಾ ಮುಂದಿನ ಮೇಣದ ತುಂಡನ್ನು ಕೈಗೆತ್ತಿಕೊಂಡಳು.

*

"ನನಗೆ ಕೆಲಸ ಸಿಕ್ಕಿದ್ದು ಹಾಗೆ," ಎಂದಳು ಕೋರಾ.

ಕಾರು ಹಳ್ಳಕ್ಕಿಳಿದು ಕುಲುಕಿದಾಗ ಲೆಸ್ಯಾ ನೋವಿನಿಂದ ಮುಖ ಕಿವುಚಿದಳು.

"ಅಮ್ಮನ ಆಸ್ಪತ್ರೆ ಓಡಾಟದಲ್ಲಿ ನನ್ನ ಮಗೂಗೆ ಹಾಲು ಬಿಡಿಸಿ ಐದು ದಿನ ಆಯ್ತು. ಎದೆ ಕಲ್ಲಾಗಿದೆ. ಒಳಗೆ ಏನಾಗ್ತಿದೆಯೋ."

"ಈಗ ಪೊರೆ ಹರೀತಿರುತ್ತೆ," ಎಂದಳು ಕೋರಾ ಮೆಲ್ಲಗೆ. "ಕಾಲೂರೋ ಜಾಗ ಹೋದಮೇಲೆ ಕೋಶಗಳು ತಾವಾಗೇ ಮುದುರಿ ಹೋಗ್ತವೆ. ಗಾಯ ಇಲ್ಲ, ಕಲೆ ಇಲ್ಲ. ಇನ್ನೊಂದು ಮಗು ಬಂದ್ರೆ ಮತ್ತೆ ಕಟ್ಟೋಕೆ ಜಾಗ ಬಿಟ್ಟು ಹೋಗ್ತವೆ. ನಮಗೆ ಅದನ್ನ ತೋರಿಸಿಕೊಟ್ಟಿದ್ದು ನಿಮ್ಮಮ್ಮ."

"ನನ್ನ ಹತ್ರ ಒಂದು ಮಾತೂ ಆಡಲಿಲ್ಲ."

"ನಮ್ಮ ಹತ್ರ ಬರೀ ನಿಮ್ಮ ಮಾತೇ ಆಡ್ತಿದ್ದಳು," ಎಂದರು ಥೋರ್ಸನ್.

ಗುಂಡಿಯ ಅಂಚಿನಲ್ಲಿ ಏಪ್ರಿಲ್‌ನ ಮಣ್ಣು ಇನ್ನೂ ಹೆಪ್ಪುಗಟ್ಟಿತ್ತು. ಪಾದ್ರಿ ಒಂದು ಹೆಂಟೆ ಒಡೆದು ಲೆಸ್ಯಾಳ ಮುಂದೆ ಹಿಡಿದರು. ಅವಳ ಬಲಗೈ ಕೋಟಿನೊಳಗೆ ಎದೆಯ ಮೇಲಿತ್ತು. ಅದನ್ನು ಅಲ್ಲೇ ಬಿಟ್ಟು ಎಡಗೈ ಚಾಚಿದಳು.