ಉಪ್ಪು ಬಿಟ್ಟ ತಿಂಗಳು

ಹಸನಸಾಬ ಬಾಚಿಯ ಹಿಡಿಯಿಂದ ತೊಲೆಗೆ ಮೂರು ಸಲ ಬಡಿದ. ಮೂರನೆಯ ಸಲ ಕಿವಿ ಹಚ್ಚಿ ಕೇಳಿದ. ಏಣಿಯ ಬುಡವನ್ನು ಹಿಡಿದುಕೊಂಡು ನಿಂತಿದ್ದ ವೃಷಭನಿಗೂ ಆ ಸಪ್ಪಳ ಕೇಳಿಸಿತು. ಖಾಲಿ ಡಬ್ಬಿಗೆ ಬಡಿದಂತಿತ್ತು.

“ಒಳಗ ಏನೂ ಉಳದಿಲ್ಲ ದೋಸ್ತ,” ಎಂದ ಹಸನಸಾಬ ಮೇಲಿನಿಂದಲೇ. “ಬರೇ ಬಣ್ಣದ ಮ್ಯಾಲ ನಿಂತೈತಿ.”

ಆ ತೊಲೆಯ ಕೆಳಗೆ ವೃಷಭನ ತಾಯಿ ರಾಜಮತಿ ಐವತ್ತೆರಡು ವರ್ಷದಿಂದ ಮಲಗುತ್ತಿದ್ದಳು. ಕಬ್ಬೂರಿನ ಈ ಮನೆಯನ್ನು ಕಟ್ಟಿಸಿದವನು ವೃಷಭನ ಅಜ್ಜ. ಮೊಳ ದಪ್ಪದ ಮಣ್ಣಿನ ಗೋಡೆ, ಸಾಗವಾನಿ ಕಂಬ, ಮೇಲೆ ಹಂಚು. ಇದನ್ನು ಕೆಡವಿ ಸ್ಲ್ಯಾಬ್ ಹಾಕಿಸು ಎಂದು ಹೇಳದ ಬೀಗರಿರಲಿಲ್ಲ. ರಾಜಮತಿ ಮಾತ್ರ, ನಾನಿರುವ ತನಕ ಒಂದು ಕಂಬವನ್ನೂ ಅಲುಗಾಡಿಸಬೇಡಿ ಎಂದಿದ್ದಳು. ಹಾಗಾಗಿ ರಿಪೇರಿ. ಅದೂ ಜೂನಿನ ಮಿರಗದ ಮಳೆ ಹತ್ತುವುದರೊಳಗೆ ಮುಗಿಯಬೇಕಾದ ರಿಪೇರಿ.

ಕೆಲಸಕ್ಕೆ ಆಳು ಹುಡುಕುವ ತಾಪತ್ರಯ ವೃಷಭನಿಗೆ ಇರಲಿಲ್ಲ. ಬಡಗಿ ಹಸನಸಾಬ, ಗೌಂಡಿ ರಾಜಾರಾಮ ಮತ್ತು ಅವನು, ಮೂವರೂ ಊರಿನ ಸಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಏಟು ತಿಂದವರು. ಒಬ್ಬನ ಮನೆಯ ಕೆಲಸವೆಂದರೆ ಉಳಿದಿಬ್ಬರು ಕೂಲಿಯ ಮಾತೆತ್ತದೆ ಬಂದು ನಿಲ್ಲಬೇಕು. ಎರಡು ವರ್ಷದ ಹಿಂದೆ ಮಳೆಗೆ ಹಸನಸಾಬನ ಮನೆಯ ಹಿಂದಿನ ಗೋಡೆ ಬಿದ್ದಾಗ ವೃಷಭ ಎಂಟು ದಿನ ಮಣ್ಣು ತುಳಿದಿದ್ದ. ಈಗ ಅವನ ಮನೆಯ ಸರದಿ.

ಆದರೆ ರಾಜಮತಿಯ ಮನೆಯಲ್ಲಿ ಕೆಲಸ ಮಾಡುವುದು ಸುಲಭವಲ್ಲ. ಮಣ್ಣು ಕಲಸುವ ನೀರನ್ನೂ ಬಟ್ಟೆಯಲ್ಲಿ ಸೋಸಿ ಹಾಕಬೇಕು. “ಮಣ್ಣ ನೀರ ಕುಡೀತೈತೇನ್ರಿ ಅವ್ವಾ?” ಎಂದು ಮೊದಲ ದಿನವೇ ರಾಜಾರಾಮ ಕೇಳಿದ. “ಅದ ಕುಡೀಲಿಕ್ಕಿಲ್ಲೋ, ನೀರಾಗ ಇದ್ದದ್ದು ಸಾಯ್ತೈತಿ,” ಎಂದಳು ಅವಳು. “ಬರಂ ಆಯಿ,” ಎಂದು ಮರಾಠಿಯಲ್ಲಿ ಒಪ್ಪಿಗೆ ಗೊಣಗಿ ಅವನು ಬಕೀಟಿಗೆ ಬಟ್ಟೆ ಕಟ್ಟಿದ. ಆ ಮನೆಯ ಊಟಕ್ಕೆ ಉಳ್ಳಾಗಡ್ಡಿ ಇಲ್ಲವೆಂದು ಕಿಸೆಯಲ್ಲಿ ಒಂದನ್ನು ಇಟ್ಟುಕೊಂಡು ಬರುತ್ತಿದ್ದ. ಅದನ್ನು ಹೊರಗಿನ ಕಟ್ಟೆಯ ಮೇಲೆ ಕೂತು, ಗುದ್ದಿ, ಕದ್ದವನ ಹಾಗೆ ತಿನ್ನುತ್ತಿದ್ದ. ಹಸನಸಾಬ ಹಾಗಲ್ಲ. ಹಳೆಯ ಗೋಡೆಗೆ ಒಂದು ಮೊಳೆ ಹೊಡೆಯುವುದಿದ್ದರೂ “ಅವ್ವಾ, ಇಲ್ಲೊಂದ ಮೊಳಿ ಹೊಡೀಲ್ರಿ?” ಎಂದು ಕೂಗಿ ಕೇಳುವನು. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು, ಬಿರುಕಿನಲ್ಲಿ ಇರುವೆಯೋ ಹಲ್ಲಿಯೋ ಇದೆಯೇ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಹೊಡಿಯಪಾ” ಎಂದ ಮೇಲೆಯೇ ಸುತ್ತಿಗೆ ಎತ್ತುವನು.

ಗೆದ್ದಲಿನ ವಿಷಯವನ್ನೂ ಅವಳೇ ತೀರ್ಮಾನಿಸಿದ್ದಳು. ತಿಂದ ತೊಲೆಯನ್ನು ಅದರೊಳಗಿದ್ದವುಗಳ ಸಮೇತ ಇಳಿಸಿ, ಹೊಲದ ಬೇವಿನ ಮರದ ನೆರಳಲ್ಲಿ ಇಟ್ಟು ಬರಬೇಕು. “ಅವೂ ಎಲ್ಲೆರ ಇರಬೇಕಲ್ಲ,” ಎಂದಿದ್ದಳು. ಮಂಗಳವಾರ ಹಂಚು ಇಳಿಸಿ, ತೊಲೆಯನ್ನು ಬಾಣಂತಿಯನ್ನು ಇಳಿಸುವಷ್ಟು ಜೋಕೆಯಿಂದ ಇಳಿಸಿದರು. ತೊಲೆಯ ತುದಿ ಕೂತಿದ್ದ ಗೋಡೆಯ ಗೂಡಿನಲ್ಲಿ ಹಸನಸಾಬ ಉಳಿಯಿಂದ ಕೆದಕಿದರೆ ಮೊಣಕೈ ತನಕ ಕೈ ಒಳಗೆ ಹೋಯಿತು. ಹೊರಗೆ ತೆಗೆದಾಗ ತೋಳಿನ ತುಂಬ ಬಿಳಿ ಹುಳುಗಳು. ರಾಜಮತಿ ಆಗ ಬಸದಿಗೆ ಹೋಗಿದ್ದಳು.

“ಹುತ್ತ ಗ್ವಾಡ್ಯಾಗ ಐತಿ,” ಎಂದ ಹಸನಸಾಬ. “ಹೊಸಾ ತೊಲಿ ಕುಂದ್ರಿಸಿದ್ರ ಎರಡ ಮಳಿಗಾಲ ತಾಳೀತು. ಆಮ್ಯಾಲ ಮತ್ತ ಇದ ಗತಿ.”

“ಔಷಧ ಹಾಕಿದ್ರ?”

“ಅವ್ವನ್ನ ಕೇಳು.”

ವೃಷಭ ಕೆಟ್ಟವನೇನಲ್ಲ. ದಿನಾ ಸ್ನಾನ ಮಾಡಿ ಬಸದಿಗೆ ಹೋಗಿ ಬಂದೇ ಚಹಾ ಮುಟ್ಟುವವನು. ಆರು ಎಕರೆ ಕಬ್ಬು ಅವನದು. ಕಬ್ಬಿಗೆ ಔಷಧ ಹೊಡೆಸುವ ದಿನ ಆಳುಗಳನ್ನು ಹೊಲಕ್ಕೆ ಇಳಿಸಿ ತಾನು ಬದುವಿನ ಮೇಲೆ ರಸ್ತೆಯ ಕಡೆ ಮುಖ ಮಾಡಿ ನಿಲ್ಲುತ್ತಿದ್ದ. ಹೊಡೆಸಿದಂತೆಯೂ ಆಗಬೇಕು, ಹೊಡೆದವನು ತಾನಾಗಬಾರದು. ನಲವತ್ತಾರು ವರ್ಷ ಈ ಉಪಾಯ ಅವನಿಗೆ ಚೆನ್ನಾಗಿಯೇ ಒಗ್ಗಿತ್ತು.

“ಆಕಿ ಒಪ್ಪೂದಿಲ್ಲ,” ಎಂದ. “ಗುರುವಾರ ಏಕಸಂಬಿಗೆ ಮಾಮಾನ ಮನಿಗಿ ಬಿಟ್ಟ ಬರ್ತೇನಿ. ಎರಡ ದಿನ ಇರ್ತಾಳ. ಅಷ್ಟರಾಗ ನೀ ಏನ್ ಮಾಡ್ತೀ ಮಾಡು. ನನಗೇನೂ ಹೇಳಬ್ಯಾಡ.”

“ನಾ ಯಾಕ?”

“ನಮಗ ಜೀವಾ ಕೊಲ್ಲಾಕ ಬರೂದಿಲ್ಲೋ. ನಿಮ್ಮಾಗ ಹಂಗೇನ ಇಲ್ಲಲ್ಲ.”

ಮಾತು ಸಲೀಸಾಗಿ ಬಂದುಬಿಟ್ಟಿತು. ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ ರಾಜಾರಾಮನ ಹೆಬ್ಬೆರಳು ನಿಂತಿತು. ಹಸನಸಾಬ ತೋಳಿನ ಮೇಲಿನ ಹುಳುಗಳನ್ನು ಒಂದೊಂದಾಗಿ ಗೋಡೆಯ ತೂತಿಗೆ ಮರಳಿ ಬಿಡುತ್ತಿದ್ದ. ಬಿಟ್ಟು ಮುಗಿಸಿ ಹೇಳಿದ:

“ಜೀವಾ ನಮ್ಮಾಗೂ ಜೀವಾನ.” ಆಮೇಲೆ ಮೂಲೆಗೆ ಸರಿಸಿಟ್ಟಿದ್ದ ರಾಜಮತಿಯ ಹಾಸಿಗೆಯ ಸುರುಳಿಯನ್ನು ನೋಡಿದ. “ಅವ್ವ ಈ ತೊಲಿ ಬುಡಕ ಮಲಗಾಕಿ. ಅದಕ್ಕ ಹಾಕ್ತೇನಿ. ನೀ ಹೇಳಿದಿ ಅಂತಲ್ಲ.”

ಬುಧವಾರ ವೃಷಭ ಚಿಕ್ಕೋಡಿಗೆ ಹೋಗಿ ಔಷಧದ ಕ್ಯಾನು ತಂದ. ಅದನ್ನು ಹಸನಸಾಬನ ಕೈಗೂ ಕೊಡಲಿಲ್ಲ. ಪೇಪರಿನಲ್ಲಿ ಸುತ್ತಿ, ಯಾರೂ ಇಲ್ಲದಾಗ ಅವನ ಹತ್ಯಾರದ ಚೀಲದೊಳಗೆ ಇಟ್ಟುಬಿಟ್ಟ.

ಗುರುವಾರ ಏಕಸಂಬಿಯಲ್ಲಿ ಸೋದರಮಾವನ ಮನೆಯಲ್ಲಿ ಬೇಕೆಂದೇ ಎರಡು ಸಲ ಚಹಾ ಕುಡಿದು, ಇಲ್ಲದ ಕೆಲಸ ಹಚ್ಚಿಕೊಂಡು, ಹೊತ್ತು ಇಳಿಯುವಾಗ ತಿರುಗಿ ಬಂದ. ಕೆಲಸ ಮುಗಿದಿತ್ತು. ಗೋಡೆಗೆ ಕೊರೆದ ತೂತುಗಳನ್ನು ರಾಜಾರಾಮ ಹಸಿ ಮಣ್ಣಿನಿಂದ ಮುಚ್ಚಿದ್ದ. ನೆಲ ತೊಳೆದಿತ್ತು. ಹಿತ್ತಲಿನಲ್ಲಿ ಹಸನಸಾಬ ಸಾಬೂನು ಹಚ್ಚಿ ಕೈ ತಿಕ್ಕುತ್ತಿದ್ದ, ತೊಳೆದು ಮತ್ತೆ ತಿಕ್ಕುತ್ತಿದ್ದ. ನುಗ್ಗೆಯ ಗಿಡದ ಬುಡದಲ್ಲಿ ಹೊಸದಾಗಿ ತೋಡಿ ಮುಚ್ಚಿದ ಮಣ್ಣು.

“ಸತ್ತ ಹುಳ ಮೂರ ಬುಟ್ಟಿ ಆದವು,” ಎಂದ ರಾಜಾರಾಮ, ಯಾರೂ ಕೇಳದಿದ್ದರೂ. ವೃಷಭ ಕೇಳಿಸದವನಂತೆ ಒಳಗೆ ಹೋದ.

ಶುಕ್ರವಾರ ನಮಾಜು ಮುಗಿಸಿ ಬಂದು ಹಸನಸಾಬ ಹೊಸ ತೊಲೆ ಏರಿಸಿದ. ಶನಿವಾರ ಮುಂಜಾನೆ ರಾಜಮತಿ ಸೋದರಳಿಯನ ಮೋಟಾರ್‌ಸೈಕಲ್ಲಿನಿಂದ ಇಳಿದು ಹೊಸ್ತಿಲ ಮೇಲೆ ಕಾಲಿಟ್ಟವಳು ಅಲ್ಲೇ ನಿಂತಳು. ಔಷಧದ ವಾಸನೆ ಅಡಗಲೆಂದು ಸೊಸೆ ನೀಲಮ ಏಳೆಂಟು ಊದಿನಕಡ್ಡಿ ಹಚ್ಚಿಟ್ಟಿದ್ದಳು.

“ಇವತ್ತ ಹಬ್ಬ ಏನೈತಿ?” ಎಂದು ರಾಜಮತಿ ಕೇಳಿದಳು. ನೀಲಮ ಅಡುಗೆಮನೆಗೆ ಸರಿದಳು.

ರಾಜಮತಿ ಗೋಡೆಯ ಹತ್ತಿರ ಹೋದಳು. ಮಣ್ಣು ಮೆತ್ತಿದ ತೂತುಗಳನ್ನು ಒಂದಾದ ಮೇಲೊಂದು ಬೆರಳಿನಿಂದ ಮುಟ್ಟಿದಳು. ಅಲ್ಲಿಂದ ಹಿತ್ತಲಿಗೆ ಹೋದಳು. ನುಗ್ಗೆಯ ಬುಡದಲ್ಲಿ ಓಣಿಯ ಕೋಳಿಗಳು ಮಣ್ಣು ಕೆದರಿ ಸತ್ತ ಹುಳುಗಳನ್ನು ಹೊರಗೆ ಹಾಕಿದ್ದವು. ಅವಳು ಅಲ್ಲಿ ಎಷ್ಟು ಹೊತ್ತು ನಿಂತಳೆಂದರೆ, ಪಡಸಾಲೆಯಲ್ಲಿದ್ದ ವೃಷಭನಿಗೆ ಓಡಿಹೋಗಬೇಕು ಎನ್ನಿಸಿತು. ತಿರುಗಿ ಬಂದು ಮಗನ ಎದುರು ನಿಂತಳು.

“ಯಾರ ಹಾಕಿದ್ರು?”

ಹಸನಸಾಬ ಮೇಲೆ ಜಂತಿಗಳಿಗೆ ಪಟ್ಟಿ ಬಡಿಯುತ್ತಿದ್ದ. ಹಂಚಿಲ್ಲದ ಮನೆ, ಕೆಳಗೆ ಕೆಮ್ಮಿದರೂ ಮೇಲೆ ಕೇಳುತ್ತಿತ್ತು. ಅದು ವೃಷಭನಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಯಿ ತನ್ನ ಹಳೆಯ ದಾರಿಯನ್ನೇ ಹಿಡಿಯಿತು.

“ನಾ ಊರಾಗ ಇರಲಿಲ್ಲಲ್ಲ ಬೇ. ನಿನ್ನ ಬಿಡಾಕ ಬಂದಿದ್ನೆಲ್ಲ. ಹಸನ್ಯಾ... ಕೇಳದ ಹಾಕಿಬಿಟ್ಟಾನ.”

ಸುತ್ತಿಗೆಯ ಸಪ್ಪಳ ನಿಂತಿತು. ಸ್ವಲ್ಪ ಹೊತ್ತಿಗೆ ಏಣಿ ಕಿರುಗುಟ್ಟಿತು. ಹಸನಸಾಬ ಕೆಳಗಿಳಿದು, ಹೆಗಲ ಮೇಲಿನ ಟಾವೆಲಿನಿಂದ ಕೈ ಒರೆಸಿಕೊಂಡು ರಾಜಮತಿಯ ಎದುರು ನಿಂತ. ಈಗ ಹೇಳಿಬಿಡುತ್ತಾನೆ ಎಂದುಕೊಂಡ ವೃಷಭ. ಹೇಳಿಬಿಡಲಿ ಎಂದೇ ಅವನಿಗೆ ಅನ್ನಿಸಿತು. ಬೈಸಿಕೊಂಡರೆ ಮುಗಿದು ಹೋಗುತ್ತಿತ್ತು.

“ತಪ್ಪಾತ್ರಿ ಅವ್ವಾ,” ಎಂದ ಹಸನಸಾಬ. “ತೊಲಿ ಉಳೀಲಿ ಅಂತ ಹಾಕ್ದೆ. ನಿಮ್ಮನ್ನ ಕೇಳಬೇಕಾಗಿತ್ತು.”

ವೃಷಭನ ಕಿವಿ ಸುಟ್ಟವು. ನಾಚಿಕೆ ಎಂಬುದು ಇಷ್ಟು ಬಿಸಿಯಾಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಈಗಲಾದರೂ ಒಂದು ಮಾತು ಹೇಳಬಹುದಿತ್ತು. ಬಾಗಿಲಲ್ಲಿ ನಿಂತಿದ್ದ ರಾಜಾರಾಮ ಅಂಗಳಕ್ಕೆ ತಂಬಾಕು ಉಗುಳಿ, ವೃಷಭನ ಮುಖವನ್ನೇ ನೋಡುತ್ತ “ಶಾಬಾಸ ಮರ್ದಾ!” ಎಂದ. ಕಲಸಿದ ಮಣ್ಣನ್ನು ಹಾಗೇ ಬಿಟ್ಟು, ಕರಣಿ ತೊಳೆದುಕೊಂಡು ಹೊರಟುಹೋದ.

ರಾಜಮತಿ ಹಸನಸಾಬನನ್ನು ನೋಡಿದಳು. ಮಗನನ್ನು ನೋಡಿದಳು. ಮಗನನ್ನು ಹೆಚ್ಚು ಹೊತ್ತು ನೋಡಿದಳು. ಸೆರಗು ಹೊದ್ದು ಬಸದಿಗೆ ಹೋದಳು. ಮಧ್ಯಾಹ್ನ ತಿರುಗಿ ಬಂದವಳು ಸೊಸೆಗೆ ಹೇಳಿದಳು: “ಒಂದ ತಿಂಗಳ ನಂದು ಒಪ್ಪೊತ್ತ ಊಟ. ಉಪ್ಪ ಬಿಟ್ಟೇನಿ. ನನ್ನ ಸಣ್ಣ ಗಡಿಗಿ ಬ್ಯಾರೆ ಇಡು.”

“ಯಾಕ್ರಿ ಅತ್ತಿ, ನೀವೇನ್ ಮಾಡೀರಿ?”

“ನನ್ನ ಮ್ಯಾಲ ತೊಲಿ ಬೀಳಬಾರದಂತ ಸತ್ತಾವು. ಪಾಪ ನಂದ.”

ಬಿ.ಪಿ. ಐತಿ, ಉಪ್ಪು ಕಡಿಮೆ ಮಾಡ್ರಿ ಎಂದು ಡಾಕ್ಟರು ಮೂರು ವರ್ಷ ಹೇಳಿದರೂ ಊಟಕ್ಕೆ ಮಾವಿನಕಾಯಿ ಉಪ್ಪಿನಕಾಯಿ ಬಿಡದ ಹೆಂಗಸು ಅವಳು. ಆ ಮಾತು ಎತ್ತಿ ನಗುವವರು ಅಂದು ಮನೆಯಲ್ಲಿ ಯಾರೂ ಇರಲಿಲ್ಲ.

ಭಾನುವಾರ ಮುಂಜಾನೆ ವೃಷಭ ಹಸನಸಾಬನ ಓಣಿಗೆ ನಡೆದ. ದಾರಿಯುದ್ದಕ್ಕೂ ಮಾತು ಜೋಡಿಸಿದ. ತಪ್ಪು ನಂದು, ಇವತ್ತೇ ಅವ್ವನಿಗೆ ಹೇಳುತ್ತೇನೆ, ನೀನೂ ಜೊತೆಗೆ ಬಾ. ಕಡೆಯ ಮಾತನ್ನು ಹೊಡೆದುಹಾಕಿದ. ಅವನನ್ನು ಮತ್ತೆ ಯಾಕೆ ಕರೆಯಬೇಕು? ಅಂಗಳದಲ್ಲಿ ಕಸ ಗುಡಿಸುತ್ತಿದ್ದ ಹಸನಸಾಬನ ಮಗಳು ಮಸರತ ಆಶ್ಚರ್ಯದಿಂದ ನೋಡಿದಳು.

“ಅಬ್ಬಾ ನಿಮ್ಮ ಮನಿಗೇ ಹೋಗ್ಯಾರಲ್ರಿ ಕಾಕಾ. ಮಳಿ ಬರೂದರಾಗ ಹಂಚ ಹೊಚ್ಚಬೇಕು, ರಾಜಾರಾಮ ಕಾಕಾ ಬರೂದಿಲ್ಲಂತ, ಒಬ್ಬನೇ ಮಾಡಬೇಕು ಅಂದ್ರು.”

ವೃಷಭ ಬಂದ ದಾರಿಯಲ್ಲೇ ತಿರುಗಿದ. ತನ್ನ ಮನೆಯ ಮುಂದಿನ ಬೇಲಿಯ ತನಕ ಬಂದಾಗ ಮೇಲಿನಿಂದ ದನಿ ಕೇಳಿಸಿತು.

“ಅವ್ವಾ, ಇಲ್ಲೊಂದ ಮೊಳಿ ಹೊಡೀಲ್ರಿ?”

ತೆರೆದ ಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ರಾಜಮತಿ ಜಪಮಣಿ ಕೆಳಗಿಟ್ಟು, ಮೊಣಕಾಲಿಗೆ ಕೈ ಊರಿ ಎದ್ದು ಬಂದಳು. ಕಣ್ಣಿಗೆ ಕೈ ಅಡ್ಡ ಹಿಡಿದು ಗೋಡೆಯ ಬಿರುಕನ್ನು ನೋಡಿದಳು.

“ಹೊಡಿಯಪಾ.”

ವೃಷಭ ಬೀದಿಯಲ್ಲೇ ನಿಂತ. ಒಂದು ಮೊಳೆಗೂ ಕೇಳುವವನು ಕೇಳದೆ ಔಷಧ ಹಾಕಿದನೆಂದರೆ ಅವ್ವ ಹೇಗೆ ನಂಬಿಯಾಳು? ನಂಬಿರಲಿಲ್ಲ. ಒಂದು ಗಳಿಗೆಯೂ ನಂಬಿರಲಿಲ್ಲ. ಗೊತ್ತಿದ್ದೂ ಮಗನಿಗೆ ಏನೂ ಅನ್ನದೆ ಉಪ್ಪು ಬಿಟ್ಟಿದ್ದಳು. ಅವನಿಗೆ ಹೊಸ್ತಿಲು ದಾಟುವುದು ಕಷ್ಟವಾಯಿತು. ಆಮೇಲೆ ಮಧ್ಯಾಹ್ನದ ತನಕ ಏಣಿಯ ಮೇಲೆ ನಿಂತು ಹಂಚು ಎತ್ತಿ ಕೊಟ್ಟ. ಹಸನಸಾಬ ಒಂದೊಂದನ್ನೂ ತೆಗೆದುಕೊಂಡ. “ಕೊಡು”, “ತಡಿ” ಇಷ್ಟೇ ಮಾತು. ಮುಂಚೆ ಇಬ್ಬರ ನಡುವೆ ಬೈಗುಳವಿಲ್ಲದೆ ಒಂದು ಹಂಚೂ ಏರುತ್ತಿರಲಿಲ್ಲ.

ಊಟದ ಹೊತ್ತಿಗೆ ಅರ್ಧ ಮನೆ ಹೊಚ್ಚಿ ಆಗಿತ್ತು. ಹೊಸ ತೊಲೆಯ ಕೆಳಗೆ ರಾಜಮತಿ ಮೂರು ತಾಟು ಹಾಕಿದಳು, ತನ್ನದೂ ಸೇರಿ. ಅವಳಿಗೆ ದಿನದ ಊಟ ಅದೊಂದೇ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೊಸರು. ದೊಡ್ಡ ಪಾತ್ರೆಯ ಪಕ್ಕದಲ್ಲಿ ಅವಳ ಸಣ್ಣ ಗಡಿಗೆ.

“ಅವ್ವಾ, ನನಗ ಆ ಗಡಿಗ್ಯಾಗಿಂದ ಹಾಕ್ರಿ,” ಎಂದ ಹಸನಸಾಬ.

“ಅದರಾಗ ಉಪ್ಪಿಲ್ಲಪಾ.”

“ಗೊತ್ತೈತ್ರಿ. ಹಾಕಿದ ಕೈ ನಂದ ಅಲ್ಲೇನ್ರಿ.”

ರಾಜಮತಿ ವಾದ ಮಾಡಲಿಲ್ಲ. ಸಣ್ಣ ಗಡಿಗೆಯಿಂದ ಅವನ ತಾಟಿಗೆ ಬಡಿಸಿದಳು, ತನ್ನ ತಾಟಿಗೂ ಬಡಿಸಿಕೊಂಡಳು. ಗಡಿಗೆಯಲ್ಲಿ ಇನ್ನೂ ಉಳಿದಿತ್ತು. ವೃಷಭ ತನ್ನ ತಾಟನ್ನು ಮುಂದೆ ತಳ್ಳಿದ.

“ನನಗೂ ಅದನ್ನ ಹಾಕ ಬೇ.” ಅವನ ದನಿ ಅವನಿಗೇ ಗುರುತು ಹತ್ತಲಿಲ್ಲ.

ಅವಳು ತಲೆ ಎತ್ತಲಿಲ್ಲ. ಸಿಟ್ಟೂ ಇರಲಿಲ್ಲ. ಚಿಕ್ಕಂದಿನಲ್ಲಿ ಬಿಸಿಲಿಗೆ ಹೋಗಬೇಡ ಎನ್ನುತ್ತಿದ್ದ ದನಿಯಲ್ಲೇ ಹೇಳಿದಳು:

“ನಿನಗ್ಯಾಕಪಾ? ನೀ ಊರಾಗ ಇರಲಿಲ್ಲಲ್ಲ.”

ದೊಡ್ಡ ಪಾತ್ರೆಯಿಂದ ಎರಡು ಸೌಟು ಪಲ್ಯ ಬಡಿಸಿ, ದಿನದಂತೆ ಅವನ ತಾಟಿನ ಅಂಚಿಗೆ ಒಂದು ಚಿಟಿಕೆ ಉಪ್ಪು ಇಟ್ಟಳು. ಹಸನಸಾಬ ತಲೆ ತಗ್ಗಿಸಿ ರೊಟ್ಟಿ ಮುರಿದ. ಅವಳೂ ಮುರಿದಳು. ಇಬ್ಬರೂ ಸಪ್ಪೆ ಪಲ್ಯವನ್ನು ನಿಧಾನವಾಗಿ ಅಗಿಯುತ್ತಿದ್ದರು. ಔಷಧ ನಾನೇ ತಂದದ್ದು ಎಂಬ ಮಾತನ್ನು ವೃಷಭ ತುತ್ತಿನೊಂದಿಗೆ ನುಂಗಿದ.

ಹಂಚಿಲ್ಲದ ಅರ್ಧದಿಂದ ಮೋಡ ಕಾಣುತ್ತಿತ್ತು. ತೇವದ ಗಾಳಿ ಒಳಗೆ ಬೀಸತೊಡಗಿತು. ತಾಟಿನ ಅಂಚಿನಲ್ಲಿ ಉಪ್ಪು ಮೆಲ್ಲಗೆ ನೀರೊಡೆಯುತ್ತಿತ್ತು.